ಊರಿನ ಕಾರ್ಡು, ಪುಣೆಯ ಹೊಟ್ಟೆ: ಸರ್ಕಾರದ ಯೋಜನೆಗಳು ರಾಜ್ಯದ ಗಡಿ ದಾಟುವುದು ಹೇಗೆ?

ಹಡಪಸರದ ಸೂಪರ್‌ವೈಸರ್ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷಗಳಿಂದ ಪುಣೆಯಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಕನಾಗಿದ್ದೇನೆ. ಮೂಲ ಊರು ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿದೆ. ನಮ್ಮ ಸೈಟಿನಲ್ಲಿ ಸೆಂಟ್ರಿಂಗ್ ಮಾಡುವವರು, ಸರಳು ಕಟ್ಟುವವರು, ಇಟ್ಟಿಗೆ ಹೊರುವವರು, ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಸುಗ್ಗಿ ಮುಗಿದ ಮೇಲೆ ಬಂದು ಮಳೆಗೆ ಮೊದಲು ಹೋಗುವವರು ಕೆಲವರಿದ್ದಾರೆ. ವರ್ಷವಿಡೀ ಇಲ್ಲೇ ತಗಡಿನ ಶೆಡ್ಡಿನಲ್ಲಿದ್ದು ಜಾತ್ರೆಗೆ ಮಾತ್ರ ಊರಿಗೆ ಹೋಗುವವರು ಇನ್ನು ಕೆಲವರು.

ಸೈಟಿನಲ್ಲಿ ನಾನು ಅಕ್ಕ ಎಂದು ಕರೆಯುವ ಒಬ್ಬ ಹೆಂಗಸು 2025ರ ಬೇಸಿಗೆಯಲ್ಲಿ ಹತ್ತಿರದ ನ್ಯಾಯಬೆಲೆ ಅಂಗಡಿಗೆ ಹೋದರು. ಅಂಗಡಿಯವನು ಎರಡು ಸಲ "ಸ್ಟಾಕ್ ಇಲ್ಲ, ನಾಳೆ ಬಾ" ಎಂದು ಕಳಿಸಿದ. (ನಮ್ಮೂರಿನ ಬಾಗಿಲುಗಳ ಮೇಲೆ ದೆವ್ವ ಬಾರದಿರಲೆಂದು "ನಾಳೆ ಬಾ" ಎಂದು ಬರೆಯುತ್ತಿದ್ದುದು ನೆನಪಾಯಿತು.) ಮೂರನೆಯ ಸಲ ನಾನೂ ಜೊತೆಗೆ ಹೋದೆ. ಹೆಬ್ಬೆಟ್ಟು ಒತ್ತಿಸಿಕೊಂಡು, ಅಕ್ಕನಿಗೂ ಅವರ ಗಂಡನಿಗೂ ತಲಾ ಐದು ಕೆ.ಜಿ. ಧಾನ್ಯ ಕೊಟ್ಟರು. ಅತ್ತೆ, ಮಕ್ಕಳ ಪಾಲನ್ನು ಅತ್ತೆ ಊರಿನಲ್ಲೇ ತಂದಿದ್ದರು. ಹೀಗೆ ಒಂದೇ ಕಾರ್ಡಿನ ಧಾನ್ಯವನ್ನು ಎರಡು ಊರುಗಳಲ್ಲಿ ಪಡೆಯಲು "ಒಂದು ದೇಶ ಒಂದು ಪಡಿತರ ಚೀಟಿ" ವ್ಯವಸ್ಥೆಯಲ್ಲಿ ಅವಕಾಶವಿದೆ. 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಈ ವ್ಯವಸ್ಥೆ 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ ಇಡೀ ದೇಶಕ್ಕೆ ಹಬ್ಬಿತು. ಇದನ್ನು ನಾನು ಮನಸಾರೆ ಒಳ್ಳೆಯ ಕೆಲಸವೆನ್ನುತ್ತೇನೆ.

ದಾರಿಯಲ್ಲಿ ಅಕ್ಕ ಕೇಳಿದರು: "ತಮ್ಮಾ, ಊರಾಗ ತಲೀಗೆ ಹತ್ತು ಕಿಲೋ ಕೊಡತಾರ, ಇಲ್ಲಿ ಐದ ಯಾಕ?" ಗಡಿ ದಾಟಿ ಬರುವುದು ಕೇಂದ್ರದ ಐದು ಕೆ.ಜಿ. ಮಾತ್ರ. ಕರ್ನಾಟಕ ತನ್ನ ಬೊಕ್ಕಸದಿಂದ ಸೇರಿಸುವ ಪಾಲು ಕರ್ನಾಟಕದೊಳಗೇ ನಿಲ್ಲುತ್ತದೆ. ಇದರಲ್ಲಿ ಇನ್ನೊಂದು ಸೋಜಿಗವಿದೆ. 2023ರ ಜುಲೈಯಿಂದ ಕರ್ನಾಟಕ ಸರ್ಕಾರ ಹೆಚ್ಚುವರಿ ಅಕ್ಕಿ ಸಿಗದೆ, ಅದರ ಬದಲು ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕುತ್ತಿತ್ತು. ಆ ಹಣ ಪುಣೆಯ ಶೆಡ್ಡಿಗೂ ಬರುತ್ತಿತ್ತು. 2025ರಲ್ಲಿ ಹಣ ನಿಂತು ಅಕ್ಕಿ ಬಂತು. ಊರಿನಲ್ಲಿದ್ದವರಿಗೆ ಹಬ್ಬವಾಯಿತು, ಹೊರಗೆ ದುಡಿಯಲು ಹೋದವರ ಪಾಲು ಇಲ್ಲವಾಯಿತು. ಈ ಬದಲಾವಣೆಯನ್ನು ಮಾಡಿದವರು ವಲಸೆ ಹೋದವರಿಗೆ ಕೇಡು ಬಯಸಿ ಮಾಡಲಿಲ್ಲ, ಅವರ ನೆನಪೇ ಆಗಲಿಲ್ಲ ಎಂದು ನನಗನಿಸುತ್ತದೆ.

ಹಾಗಾದರೆ ಕಾರ್ಡನ್ನೇ ಮಹಾರಾಷ್ಟ್ರಕ್ಕೆ ವರ್ಗಾಯಿಸಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಊರಿನ ಕಾರ್ಡಿನಲ್ಲಿ ಅಕ್ಕನೇ ಮನೆಯ ಯಜಮಾನಿ. ಅದನ್ನು ರದ್ದು ಮಾಡಿಸಿದರೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಹೋಗುತ್ತದೆ. ಇಲ್ಲಿ ಹೆಂಗಸರಿಗಿರುವ ಲಾಡಕೀ ಬಹೀಣ್ ಯೋಜನೆಯ 1,500 ರೂಪಾಯಿ ಬೇಕೆಂದರೆ ಮಹಾರಾಷ್ಟ್ರದ ನಿವಾಸ ಪ್ರಮಾಣಪತ್ರ ಬೇಕು, ಅಥವಾ ಹದಿನೈದು ವರ್ಷ ಹಳೆಯ ರೇಷನ್ ಕಾರ್ಡೋ ಮತದಾರರ ಚೀಟಿಯೋ ಬೇಕು. ಅಕ್ಕ ಪುಣೆಗೆ ಬಂದು ಏಳು ವರ್ಷವಾಗಿದೆ. ಯೋಜನೆ ಮನುಷ್ಯನ ಬೆನ್ನಿಗಿರಬೇಕೋ, ವಿಳಾಸದ ಬೆನ್ನಿಗಿರಬೇಕೋ? ನಿಮ್ಮ ಅಭಿಪ್ರಾಯಗಳನ್ನು ತಿಳಿಸಿ.

ಡೊಂಬಿವಲಿಯ ಲೆಕ್ಕಿಗ (ಭಾನುವಾರ, ರಾತ್ರಿ 10:25)

ಸೂಪರ್‌ವೈಸರ್ ಅವರೇ, ನಿಮ್ಮ ಅಕ್ಕನ ಕಷ್ಟ ಅರ್ಥವಾಗುತ್ತದೆ; ಆದರೆ ಹಣದ ಮೂಲವನ್ನು ಮರೆತು ಚರ್ಚೆ ನಡೆಸಿದರೆ ಅದು ಹಾರೈಕೆಯಾಗುತ್ತದೆ, ನೀತಿಯಾಗುವುದಿಲ್ಲ. ಕರ್ನಾಟಕದ ಐದು ಗ್ಯಾರಂಟಿಗಳಿಗೆ ವರ್ಷಕ್ಕೆ ಐವತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬೇಕು. ಮಹಾರಾಷ್ಟ್ರವು 2025-26ರ ಮುಂಗಡಪತ್ರದಲ್ಲಿ ಲಾಡಕೀ ಬಹೀಣ್ ಒಂದಕ್ಕೇ 36,000 ಕೋಟಿ ತೆಗೆದಿರಿಸಿತು. ಇಷ್ಟು ದೊಡ್ಡ ಮೊತ್ತವನ್ನು ತನ್ನ ತೆರಿಗೆದಾರರಿಂದ ಎತ್ತುವ ರಾಜ್ಯ, ಅದು ತನ್ನ ನಿವಾಸಿಗೇ ಸಲ್ಲಬೇಕೆಂದು ಹೇಳಿದರೆ ತಪ್ಪೇನು? ದಾಖಲೆಗಳನ್ನು ಸಡಿಲಿಸಿದಾಗ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ: ಚುನಾವಣೆಯ ಹೊಸ್ತಿಲಿನಲ್ಲಿ ಅವಸರದಿಂದ ಅರ್ಜಿ ಸ್ವೀಕರಿಸಿದ ಅದೇ ಯೋಜನೆಯಲ್ಲಿ, 2025ರ ಪರಿಶೀಲನೆಯ ವೇಳೆಗೆ 26 ಲಕ್ಷಕ್ಕೂ ಹೆಚ್ಚು ಖಾತೆಗಳಿಗೆ ಹಣ ತಡೆಹಿಡಿಯಬೇಕಾಯಿತು, ಹೆಂಗಸರಿಗೆಂದು ಇದ್ದ ಹಣವನ್ನು ಗಂಡಸರೂ ಪಡೆದಿದ್ದರು. ಎರಡು ರಾಜ್ಯಗಳಲ್ಲಿ ಎರಡು ಕಾರ್ಡು ಇಟ್ಟುಕೊಂಡವರನ್ನು ನಾನೇ ಬಲ್ಲೆ. ಹದಿನೈದು ವರ್ಷ ಎಂಬುದು ಹೆಚ್ಚಾಯಿತೆಂದು ಬೇಕಾದರೆ ಒಪ್ಪುತ್ತೇನೆ. ಆದರೆ ಗೆರೆಯೇ ಬೇಡವೆಂದರೆ ಒಪ್ಪಲಾರೆ.

ವಾಸ್ಕೋ ಟೀಚರ್ (ಸೋಮವಾರ, ಬೆಳಿಗ್ಗೆ 6:50)

ಶಾಲೆಗೆ ಹೊರಡುವ ಮೊದಲು ಬರೆಯುತ್ತಿದ್ದೇನೆ. ಗೋವಾದಲ್ಲಿ ಆ ಹದಿನೈದು ವರ್ಷದ ಗೆರೆ ಮಹಾರಾಷ್ಟ್ರಕ್ಕಿಂತ ಹಳೆಯದು. 2012ರಲ್ಲಿ ಬಂದ ಗೃಹ ಆಧಾರ್ ಯೋಜನೆಯಲ್ಲಿ ಗೃಹಿಣಿಗೆ ತಿಂಗಳಿಗೆ 1,500 ರೂಪಾಯಿ ಸಿಗುತ್ತದೆ. ಹಿರಿಯರಿಗೂ ಅಂಗವಿಕಲರಿಗೂ ದಯಾನಂದ ಸಾಮಾಜಿಕ ಭದ್ರತೆಯ ಪಿಂಚಣಿ ಇದೆ. ಎರಡಕ್ಕೂ ಹದಿನೈದು ವರ್ಷ ಗೋವಾದಲ್ಲಿ ವಾಸವಿದ್ದ ದಾಖಲೆ ಬೇಕು. ಝುವಾರಿನಗರ, ಮಾಂಗೋರ್ ಹಿಲ್, ಬೈನಾಗಳಲ್ಲಿ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳದಿಂದ ಬಂದ ಕುಟುಂಬಗಳಿಗೆ ಇಪ್ಪತ್ತು ವರ್ಷ ಇದ್ದರೂ ದಾಖಲೆ ಇರುವುದಿಲ್ಲ. ಬಾಡಿಗೆ ಕೋಣೆಯ ಮಾಲೀಕರು ಕರಾರು ಬರೆದುಕೊಡುವುದಿಲ್ಲ, ಎರಡು ವರ್ಷಕ್ಕೊಮ್ಮೆ ಕೋಣೆ ಬದಲಾಗುತ್ತದೆ. ಬೈನಾದಲ್ಲಿ 2004ರಲ್ಲೂ 2015ರಲ್ಲೂ ಮನೆಗಳನ್ನು ಕೆಡವಿದಾಗ ಪಾತ್ರೆಪಗಡಗಳ ಜೊತೆಗೆ ಕಾಗದಪತ್ರಗಳೂ ಹೋದವು. ಲೆಕ್ಕಿಗರೇ, ನೀವು ಹೇಳುವ ಗೆರೆ ವಾಸದ ಅವಧಿಯನ್ನು ಅಳೆಯುತ್ತಿಲ್ಲ. ಕಾಗದವನ್ನು ಜೋಪಾನವಾಗಿಡುವ ಕಬ್ಬಿಣದ ಪೆಟ್ಟಿಗೆ ಮನೆಯಲ್ಲಿತ್ತೇ ಎಂಬುದನ್ನು ಅಳೆಯುತ್ತಿದೆ.

ಆದರೆ ಗೋವಾದವರ ಅಳುಕನ್ನೂ ನಾನು ತಳ್ಳಿಹಾಕುವುದಿಲ್ಲ. 2011ರ ಜನಗಣತಿಯಲ್ಲಿ ಇಡೀ ರಾಜ್ಯದ ಜನಸಂಖ್ಯೆ ಹದಿನೈದು ಲಕ್ಷವನ್ನೂ ಮುಟ್ಟಿರಲಿಲ್ಲ. ನಮ್ಮ ಒಂದು ಬೆಳಗಾವಿ ಜಿಲ್ಲೆ ಅದರ ಮೂರು ಪಟ್ಟು ದೊಡ್ಡದು. ಇಷ್ಟು ಚಿಕ್ಕ ರಾಜ್ಯಕ್ಕೆ ತನ್ನ ಭಾಷೆ, ನೆಲ, ಬೊಕ್ಕಸ ಯಾವುದೂ ಕೈಜಾರಬಾರದೆಂಬ ಭಯ ಸಹಜ. ಆ ಭಯವನ್ನು ಕೂಲಿಯ ಹೆಂಡತಿಯ ಪಿಂಚಣಿಯ ಮೇಲೆ ತೀರಿಸಿಕೊಳ್ಳದೆ ಬೇರೆ ದಾರಿಯಲ್ಲಿ ಪರಿಹರಿಸುವುದು ಕೇಂದ್ರದ ಕೆಲಸ.

ಮಕ್ಕಳ ವಿಷಯದಲ್ಲಿ ಕಾನೂನು ಎಷ್ಟೋ ವಾಸಿ. 2009ರ ಶಿಕ್ಷಣ ಹಕ್ಕು ಕಾಯ್ದೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎನ್ನುತ್ತದೆ. ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮನ ಜೊತೆ ಬಂದಿಳಿಯುವ ಮಗುವನ್ನು ನಾನು ಆ ದಿನವೇ ಕೂರಿಸಿಕೊಳ್ಳಬಹುದು. ಮಧ್ಯಾಹ್ನದ ಊಟವೂ ಆ ದಿನದಿಂದಲೇ ಸಿಗುತ್ತದೆ. ಯಾರೂ ಹದಿನೈದು ವರ್ಷ ಕೇಳುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ಮಾತ್ರ ಅದೇ ಮಗು ಪರರಾಜ್ಯದ್ದಾಗುತ್ತದೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರಲ್ಲಿ ಒಬ್ಬಳಿಗೆ ಏಕೆ ಇಲ್ಲವೆಂದು ಹೇಳುವ ಕೆಲಸ ಟೀಚರಿನ ಪಾಲಿಗೆ ಬರುತ್ತದೆ.

ಮಾಟುಂಗಾದ ಹಳಬ (ಸೋಮವಾರ, ಮಧ್ಯಾಹ್ನ 3:15)

ಟೀಚರಮ್ಮ ಬರೆದ ಮೊದಲ ಭಾಗವನ್ನು ಓದಿದಾಗ ಮುಂಬಯಿಯ ಝೋಪಡಿಗಳ ಇತಿಹಾಸವೇ ಕಣ್ಣ ಮುಂದೆ ಬಂತು. ಇಲ್ಲಿ ಪುನರ್ವಸತಿಯ ಉಚಿತ ಮನೆಗೆ ಅರ್ಹತೆಯ ಗಡುವು ಮೊದಲು 1995ರ ಜನವರಿ 1 ಆಗಿತ್ತು. ನಂತರ 2000ದ ಜನವರಿ 1 ಆಯಿತು. ಆಮೇಲೆ 2011ರವರೆಗಿನವರಿಗೆ ಹಣ ಕಟ್ಟಿಸಿಕೊಂಡು ಮನೆ ಕೊಡುವ ಕ್ರಮ ಬಂತು. ಗೆರೆ ಎಳೆದವರೇ ಅದನ್ನು ಅಳಿಸಿ ಮುಂದೆ ಎಳೆಯುತ್ತಾರೆಂದ ಮೇಲೆ, ಆ ಗೆರೆಯಲ್ಲಿ ನ್ಯಾಯದ ತೂಕ ಎಷ್ಟು, ಮತದ ತೂಕ ಎಷ್ಟು ಎಂಬುದನ್ನು ಲೆಕ್ಕಿಗರೇ ಹೇಳಬೇಕು. ಮನೆ ಎಂಬುದು ಒಮ್ಮೆ ಕೊಡುವ ವಸ್ತು, ಅದಕ್ಕೆ ಏನಾದರೊಂದು ಗಡುವು ಬೇಕೇ ಬೇಕು. ಆದರೆ ಅನ್ನಕ್ಕೆ, ಔಷಧಿಗೆ ಅದೇ ಗಜಕಡ್ಡಿ ಹಿಡಿಯಬಾರದು.

ನನ್ನದು ಉಡುಪಿ ಕಡೆಯ ಊರು. ಹದಿಮೂರನೆಯ ವಯಸ್ಸಿಗೆ ಬಂದು ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ನಾನು ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕಿನ ಗುಮಾಸ್ತನಾದೆ. ಆ ಶಾಲೆಗಳನ್ನು ಸರ್ಕಾರ ಕಟ್ಟಿದ್ದಲ್ಲ, ನಮ್ಮ ಸಂಘಗಳು ವಂತಿಗೆ ಎತ್ತಿ ಕಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಅದರ ಹಿಂದೆ ಮುಂದೆ ಒಂದೊಂದು ಸಮುದಾಯವೂ ತನ್ನ ಹುಡುಗರಿಗೆ ವಸತಿ, ಶಾಲೆ, ಆಮೇಲೆ ಸಹಕಾರಿ ಬ್ಯಾಂಕು ಎಂದು ಕಟ್ಟಿಕೊಂಡು ಹೋಯಿತು. ಹೋಟೆಲಿನ ಬಾಗಿಲು ಹಾಕಿದ ಮೇಲೆ ತರಗತಿ ಶುರು. ನಮ್ಮನ್ನು ಯಾರೂ ನಿವಾಸದ ಪುರಾವೆ ಕೇಳಲಿಲ್ಲ. ಕೆಲಸಗಾರನ ಗಡಿಯಾರಕ್ಕೆ ಶಾಲೆಯೇ ಹೊಂದಿಕೊಂಡಿತು. ಸರ್ಕಾರಗಳು ನಮ್ಮಿಂದ ಕಲಿಯಬಹುದಾದದ್ದು ಇದನ್ನೇ.

ಇಷ್ಟು ಹೇಳಿಕೊಂಡ ಮೇಲೆ ನಮ್ಮ ಇನ್ನೊಂದು ಮಗ್ಗುಲನ್ನೂ ತೋರಿಸಬೇಕು. ಆ ಸಂಘಗಳು ನಿವಾಸವನ್ನು ಕೇಳಲಿಲ್ಲ, ಜಾತಿಯನ್ನೂ ಊರನ್ನೂ ಕೇಳಿದವು. ಕಲಬುರಗಿಯಿಂದ ಬಂದು ರಸ್ತೆ ಅಗೆದ ಕನ್ನಡಿಗನಿಗೆ ನಮ್ಮ ಸಭಾಂಗಣಗಳ ಮೆಟ್ಟಿಲು ಎತ್ತರವೇ ಆಗಿತ್ತು. ರಾಜ್ಯೋತ್ಸವದ ದಿನ ಮುಂಬಯಿ ಕನ್ನಡಿಗರು ಎಂದು ಭಾಷಣ ಮಾಡುವ ನಾವು ಅವರನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡದ್ದು ಕಡಿಮೆ. ಆದ್ದರಿಂದ ಸಮಾಜವೇ ನೋಡಿಕೊಳ್ಳಲಿ, ಸರ್ಕಾರ ಯಾಕೆ ಎನ್ನುವವರಿಗೆ ನನ್ನ ಉತ್ತರ: ಸಮಾಜ ತನ್ನವರನ್ನು ನೋಡಿಕೊಂಡಿತು, ತನ್ನವರಲ್ಲದವರಿಗಾಗಿಯೇ ಸರ್ಕಾರ ಇರುವುದು.

ಕೋಥ್ರೂಡ್ ಗೃಹಿಣಿ (ಸೋಮವಾರ, ಸಂಜೆ 5:30)

ಚಿಕ್ಕ ಮಾತೊಂದಿದೆ. ಖಾತೆಗೆ ಹಣ ಹಾಕಿದರೆ ಅದು ಎಲ್ಲಿಗಾದರೂ ಬರುತ್ತದೆ ಎಂದು ಸೂಪರ್‌ವೈಸರ್ ಅವರು ಬರೆದಿದ್ದಾರೆ. ನಮ್ಮ ಮನೆಗೆಲಸಕ್ಕೆ ಬರುವ ಆಳಂದ ಕಡೆಯ ಹುಡುಗಿಯ ಕಾರ್ಡಿನಲ್ಲಿ ಯಜಮಾನಿ ಅವಳ ಅತ್ತೆ. ಅಕ್ಕಿಯ ಬದಲಿನ ಹಣವೆಲ್ಲ ಅತ್ತೆಯ ಖಾತೆಗೆ ಹೋಗುತ್ತಿತ್ತು, ಇವಳಿಗೆ ಒಂದು ರೂಪಾಯಿ ಬಂದದ್ದಿಲ್ಲ. ಗಡಿ ದಾಟುವ ಅಕ್ಕಿಯಾಗಿದ್ದರೆ ಇವಳ ಹೆಬ್ಬೆಟ್ಟಿಗೆ ಇವಳ ಪಾಲು ಸಿಗುತ್ತಿತ್ತು. ಹಣ ಗಡಿ ದಾಟುತ್ತದೆ ನಿಜ, ಅತ್ತೆಯ ಕೈ ದಾಟುವುದಿಲ್ಲ.

ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗೆ 2008ರಿಂದ ಕಾಯ್ದೆಯೇ ಇದೆ. ಅದರಲ್ಲಿ ಹೆಸರು ನೋಂದಾಯಿಸಲು ಮನೆಯವರ ಪ್ರಮಾಣಪತ್ರ ಬೇಕೆಂದು ಅವಳು ಕೇಳಿದಾಗ, ಇಲ್ಲದ ತಾಪತ್ರಯ ನಮಗೇಕೆ ಎಂದು ನಾನೇ ಎರಡು ತಿಂಗಳು ಮುಂದೂಡಿದೆ. ಈ ಚರ್ಚೆ ಓದಿ ನಾಚಿಕೆಯಾಯಿತು, ಇಂದು ಬರೆದುಕೊಟ್ಟೆ.

ಹಡಪಸರದ ಸೂಪರ್‌ವೈಸರ್ (ಸೋಮವಾರ, ರಾತ್ರಿ 9:05)

ಗೃಹಿಣಿಯವರ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಲೆಕ್ಕಿಗರಿಗೆ ಒಂದು ಪ್ರಶ್ನೆ. ಇಲ್ಲಿನ ತೆರಿಗೆದಾರರ ಹಣ ಎಂದಿರಿ. ನಮ್ಮ ಸೈಟಿನವರು ಚಪ್ಪಲಿಯಿಂದ ಬಿಸ್ಕತ್ತಿನವರೆಗೆ ಎಲ್ಲವನ್ನೂ ಪುಣೆಯಲ್ಲೇ ಕೊಳ್ಳುತ್ತಾರೆ. ಆ ತೆರಿಗೆ ಯಾರಿಗೆ ಹೋಯಿತು?

ಡೊಂಬಿವಲಿಯ ಲೆಕ್ಕಿಗ (ಸೋಮವಾರ, ರಾತ್ರಿ 11:10)

ಪ್ರಶ್ನೆ ನೇರವಾಗಿದೆ, ನನ್ನ ವೃತ್ತಿಯದೇ ಆದ್ದರಿಂದ ನುಣುಚಿಕೊಳ್ಳುವಂತಿಲ್ಲ. 2017ರ ಜುಲೈ 1ರಿಂದ ಬಂದಿರುವ ಜಿಎಸ್‌ಟಿ, ಸರಕು ತಯಾರಾದ ರಾಜ್ಯಕ್ಕಲ್ಲ, ಬಳಕೆಯಾದ ರಾಜ್ಯಕ್ಕೆ ಸಲ್ಲುವ ತೆರಿಗೆ. ಚಪ್ಪಲಿ ಎಲ್ಲೇ ತಯಾರಾಗಲಿ, ಪುಣೆಯಲ್ಲಿ ಕೊಂಡರೆ ರಾಜ್ಯದ ಪಾಲು ಮಹಾರಾಷ್ಟ್ರಕ್ಕೆ ಹೋಗುತ್ತದೆ. ಆದ್ದರಿಂದ ನಿಮ್ಮ ಅಕ್ಕ ಕರ್ನಾಟಕದ ಫಲಾನುಭವಿ, ಮಹಾರಾಷ್ಟ್ರದ ತೆರಿಗೆದಾರಳು. ಇದನ್ನು ನಾನು ನಿನ್ನೆ ಬರೆಯುವಾಗ ಗಣಿಸಲಿಲ್ಲ.

ಇದೇ ಜಿಎಸ್‌ಟಿಯಲ್ಲಿ ಪರಿಹಾರದ ಮಾದರಿಯೂ ಇದೆ ಎನಿಸುತ್ತದೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಹೋದಾಗ ತೆರಿಗೆಯನ್ನು ಕೇಂದ್ರವು ಸಂಗ್ರಹಿಸಿ, ಬಳಕೆಯ ರಾಜ್ಯಕ್ಕೆ ಅದರ ಪಾಲನ್ನು ಇತ್ಯರ್ಥ ಮಾಡುತ್ತದೆ. ವ್ಯಾಪಾರಿ ಎರಡು ರಾಜ್ಯಗಳ ಖಜಾನೆಗೆ ಅಲೆಯಬೇಕಿಲ್ಲ. ಸಿಮೆಂಟಿನ ಚೀಲಕ್ಕೆ ಇಂಥ ವ್ಯವಸ್ಥೆ ಸಾಧ್ಯವಾದರೆ, ಅದನ್ನು ಹೊರುವವಳ ಪಡಿತರಕ್ಕೆ ಏಕಾಗಬಾರದು? ಪುಣೆಯ ಅಂಗಡಿ ಹತ್ತು ಕೆ.ಜಿ. ಕೊಡಲಿ; ಕೇಂದ್ರದ ಪಾಲಿನ ಲೆಕ್ಕ ಕೇಂದ್ರಕ್ಕೆ, ಕರ್ನಾಟಕದ ಪಾಲಿನ ಬಿಲ್ಲು ಬೆಂಗಳೂರಿಗೆ ಹೋಗಲಿ. ಹೆಬ್ಬೆಟ್ಟು ಒಂದೇ ಜಾಗದಲ್ಲಿ ಬೀಳುವುದರಿಂದ ಎರಡು ಕಡೆ ಪಡೆಯುವ ಮೋಸಕ್ಕೂ ಆಸ್ಪದವಿಲ್ಲ. ಅಂಗಡಿಯವನ "ನಾಳೆ ಬಾ"ಗೂ ಕಾರಣವಿದೆ: ಅವನಿಗೆ ದಾಸ್ತಾನು ಬರುವುದು ಅವನ ಅಂಗಡಿಗೆ ಜೋಡಿಸಿದ ಕಾರ್ಡುಗಳ ಲೆಕ್ಕದಲ್ಲಿ. ಹೊರಗಿನಿಂದ ಬಂದವರಿಗೆ ಕೊಟ್ಟರೆ ತಿಂಗಳ ಕೊನೆಗೆ ಖಾಯಂ ಗಿರಾಕಿಗಳ ಜಗಳ ಎದುರಿಸಬೇಕಾದವನು ಅವನೇ. ಕಟ್ಟಡ ಕೆಲಸ ನಡೆಯುವ ಪ್ರದೇಶಗಳ ಅಂಗಡಿಗಳಿಗೆ ಹೆಚ್ಚುವರಿ ದಾಸ್ತಾನು ಮೊದಲೇ ಕೊಡಬೇಕು.

ಆದರೆ ನಗದು ಯೋಜನೆಗಳ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಅದು ಆಯಾ ರಾಜ್ಯದ ರಾಜಕೀಯ ತೀರ್ಮಾನ. ಬಲವಂತವಾಗಿ ಗಡಿ ದಾಟಿಸಲು ಹೋದರೆ ರಾಜ್ಯಗಳು ಯೋಜನೆಯನ್ನೇ ಕೈಬಿಟ್ಟಾವು.

ಶಿವಾಜಿನಗರದ ವಕೀಲೆ (ಮಂಗಳವಾರ, ಬೆಳಿಗ್ಗೆ 8:20)

ಕಾನೂನಿನ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಜನ ವಲಸೆ ಕಾರ್ಮಿಕರಿದ್ದ ಕಡೆಯೂ ಅನ್ವಯವಾಗುತ್ತಿತ್ತು. ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧದಷ್ಟು ಸ್ಥಳಾಂತರ ಭತ್ಯೆ ಕೊಡಬೇಕೆಂದು ಅದರಲ್ಲಿತ್ತು. ಅದರ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಇದರಲ್ಲಿ ಮಿತಿ ಹತ್ತು ಜನರಿಗೆ ಏರಿದೆ, ಸ್ಥಳಾಂತರ ಭತ್ಯೆ ಹೋಗಿದೆ, ಊರಿಗೆ ಹೋಗಿಬರುವ ಖರ್ಚು ಕೊಡಬೇಕೆಂಬುದು ಉಳಿದಿದೆ. ಸಣ್ಣ ಮುಕಾದಮನ (ಕೂಲಿ ತಂಡದ ಮುಖ್ಯಸ್ಥನ) ಕೈಕೆಳಗಿನ ಏಳೆಂಟು ಜನರ ತಂಡಗಳು ಈಗ ಲೆಕ್ಕದಿಂದ ಹೊರಗೆ ಬೀಳುತ್ತವೆ. ನನ್ನ ದೃಷ್ಟಿಯಲ್ಲಿ ಇದು ಹಿನ್ನಡೆ. ಗುತ್ತಿಗೆದಾರನಿಲ್ಲದೆ ತಾವಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಪರಿಗಣಿಸಿರುವುದು ಮಾತ್ರ ಮುನ್ನಡೆ.

ಅದೇ ಸಂಹಿತೆಯಲ್ಲಿ ನಿಮ್ಮ ಚರ್ಚೆಗೆ ತೀರ ಹತ್ತಿರದ ಮಾತೊಂದಿದೆ: ವಲಸೆ ಕಾರ್ಮಿಕರು ಪಡಿತರವನ್ನು ತವರು ರಾಜ್ಯದಲ್ಲಾಗಲಿ ದುಡಿಯುವ ರಾಜ್ಯದಲ್ಲಾಗಲಿ ಪಡೆಯಲು, ಮತ್ತು ಕಟ್ಟಡ ಕಾರ್ಮಿಕರ ನಿಧಿಯ ಸೌಲಭ್ಯವನ್ನು ದುಡಿಯುವ ರಾಜ್ಯದಲ್ಲೇ ಪಡೆಯಲು ಸರ್ಕಾರ ಯೋಜನೆ ರೂಪಿಸಬೇಕು ಎನ್ನುತ್ತದೆ. ಆ ಮಾತಿಗೆ ಕೈಕಾಲು ಮೂಡಿಸುವ ಕೆಲಸವನ್ನು ರಾಜ್ಯಗಳ ಕಾರ್ಮಿಕ ಇಲಾಖೆಗಳಿಂದ ಒತ್ತಿ ಕೇಳಬೇಕು. ಆ ನಿಧಿಗಾಗಿ ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ (ಉಪಕರ) ವಸೂಲಾಗುತ್ತದೆ. ಅದರಲ್ಲಿ ಸಾವಿರಾರು ಕೋಟಿ ರೂಪಾಯಿ ಖರ್ಚಾಗದೆ ಕೊಳೆಯುತ್ತಿದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿಯೇ ಹೇಳಿತ್ತು. ಆ ನಿಧಿಯನ್ನು ನೋಡಿಕೊಳ್ಳುವ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಗೆ ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ ಪುರಾವೆ ಸಾಕು, ನಿವಾಸದ ಹದಿನೈದು ವರ್ಷ ಬೇಕಿಲ್ಲ. ಆದರೆ ಬೆಳಿಗ್ಗೆ ಕೂಲಿಯವರು ಸೇರುವ ಮಜೂರ್ ಅಡ್ಡಾದಲ್ಲಿ ನಿಂತು, ದಿನಕ್ಕೊಬ್ಬ ಧಣಿಯ ಹತ್ತಿರ ದುಡಿಯುವವನಿಗೆ ಆ ತೊಂಬತ್ತು ದಿನವನ್ನು ಬರೆದುಕೊಡುವವರು ಯಾರು? ಸೂಪರ್‌ವೈಸರ್ ಅವರೇ, ನಿಮ್ಮ ಸೈಟಿನಲ್ಲಿ ಎಷ್ಟು ಜನರ ನೋಂದಣಿ ಆಗಿದೆ?

ವಾಸ್ಕೋ ಟೀಚರ್ (ಮಂಗಳವಾರ, ಮಧ್ಯಾಹ್ನ 2:00)

ವಕೀಲರ ಮಾತಿಗೆ ಸೇರಿಸುತ್ತೇನೆ. ಎಣಿಕೆಯೇ ಆಗದವರಿಗೆ ಪಾಲು ಹೇಗೆ ಸಿಕ್ಕೀತು? 2013ರ ಆಹಾರ ಭದ್ರತಾ ಕಾಯ್ದೆಯ ಕೋಟಾ ಇಂದಿಗೂ 2011ರ ಜನಗಣತಿಯ ಮೇಲೆ ನಿಂತಿದೆ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅಸಂಘಟಿತ ಕಾರ್ಮಿಕರ ನೋಂದಣಿಯ ಇ-ಶ್ರಮ್‌ನಲ್ಲಿ ಹೆಸರಿದ್ದೂ ಪಡಿತರ ಚೀಟಿ ಇಲ್ಲದವರು ಸುಮಾರು ಎಂಟು ಕೋಟಿ ಎಂಬುದು ಸುಪ್ರೀಂ ಕೋರ್ಟಿನ ಮುಂದೆಯೇ ಬಂದ ಸಂಗತಿ. ನನ್ನ ತರಗತಿಯ ಒಬ್ಬ ಮಗುವೂ 2011ರಲ್ಲಿ ಹುಟ್ಟಿರಲಿಲ್ಲ. ಗಣತಿಯವರು ಬಂದಾಗ ಮಾಲೀಕರ ಭಯಕ್ಕೆ ಕೋಣೆಗೆ ಬೀಗ ಹಾಕಿಕೊಂಡು ಹೋಗಬೇಡಿ ಎಂದು ತಾಯಂದಿರಿಗೆ ಈಗಿನಿಂದಲೇ ಹೇಳುತ್ತಿದ್ದೇನೆ.

ಮಾಟುಂಗಾದ ಹಳಬ (ಮಂಗಳವಾರ, ಸಂಜೆ 6:40)

ಗುರುತೇ ಕೇಳದ ಯೋಜನೆಗಳನ್ನು ಯಾರೂ ಪ್ರಸ್ತಾಪಿಸಲಿಲ್ಲ. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. 2020ರ ಜನವರಿ 26ರಂದು ಇಲ್ಲಿ ಆರಂಭವಾದ ಶಿವಭೋಜನ ತಾಟಿಗೂ ಹತ್ತೇ ರೂಪಾಯಿ. ಸರತಿಯಲ್ಲಿ ನಿಂತವನು ಬಿಹಾರಿಯೋ ಬಾಗಲಕೋಟೆಯವನೋ ಎಂದು ಯಾರೂ ನಿವಾಸ ಪ್ರಮಾಣಪತ್ರ ಕೇಳುವುದಿಲ್ಲ. ಹೋಟೆಲಿನಲ್ಲಿ ಬೆಳೆದವನು ನಾನು. ತಟ್ಟೆಯ ಮುಂದೆ ಕೂತವನ ಊರು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಲೆಕ್ಕಿಗರು ಹೇಳುವ ಇತ್ಯರ್ಥ ವ್ಯವಸ್ಥೆ ಬರುವವರೆಗೆ ಸೈಟುಗಳ ಬಳಿ ಇಂಥ ಊಟದ ಕೇಂದ್ರಗಳನ್ನು ಹೆಚ್ಚಿಸಲಿ.

ಹಡಪಸರದ ಸೂಪರ್‌ವೈಸರ್ (ಮಂಗಳವಾರ, ರಾತ್ರಿ 10:15)

ವಕೀಲರೇ, ಇಂದು ಎಣಿಸಿದೆ. ನಮ್ಮ ಸೈಟಿನ ಎಪ್ಪತ್ತಾರು ಜನರಲ್ಲಿ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಇರುವುದು ಒಂಬತ್ತು ಮಂದಿಗೆ. ಉಳಿದವರ ತೊಂಬತ್ತು ದಿನದ ಪತ್ರಕ್ಕೆ ಸಹಿ ಹಾಕಿಸಬೇಕಾಗಿದ್ದವನು ನಾನೇ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇದೆ. ಸರ್ಕಾರವನ್ನು ದೂರುವ ದಾರಿಯಲ್ಲಿ ನನ್ನ ಮೇಜನ್ನೂ ನೋಡುವಂತಾಯಿತು.

ಬರುವ ಭಾನುವಾರ ಬೆಳಿಗ್ಗೆ ಸೈಟಿನ ಗೇಟಿನ ಬಳಿ ಅರ್ಜಿ ತುಂಬಿಸುತ್ತೇವೆ. ವಕೀಲರಿಗೆ ಬಿಡುವಿದ್ದರೆ ಬರಬೇಕೆಂದು ವಿನಂತಿ. ಎರಡು ರಾಜ್ಯಗಳ ಆಹಾರ ಇಲಾಖೆಗಳಿಗೆ ಲೆಕ್ಕಿಗರ ಇತ್ಯರ್ಥದ ಸಲಹೆಯನ್ನು ಮನವಿಯಾಗಿ ಕಳಿಸೋಣ, ಕರಡನ್ನು ಅವರೇ ಬರೆದರೆ ಚೆನ್ನ.

ಕೋಥ್ರೂಡ್ ಗೃಹಿಣಿ (ಮಂಗಳವಾರ, ರಾತ್ರಿ 10:40)

ನಮ್ಮ ಹುಡುಗಿಯ ಗಂಡನೂ ಗಾರೆ ಕೆಲಸಕ್ಕೆ ಹೋಗುತ್ತಾನೆ. ಅವರನ್ನು ಭಾನುವಾರ ಕಳಿಸಬಹುದೇ? ರೇಷನ್ ಕಾರ್ಡು ಊರಿನಲ್ಲಿ ಅತ್ತೆಯ ಹತ್ತಿರವೇ ಇದೆಯಂತೆ, ಅದನ್ನು ತರಿಸಬೇಕೇ?

ಹಡಪಸರದ ಸೂಪರ್‌ವೈಸರ್ (ಮಂಗಳವಾರ, ರಾತ್ರಿ 10:52)

ಖಂಡಿತ ಕಳಿಸಿ, ಅಮ್ಮ. ಕಾರ್ಡು ಅತ್ತೆಯ ಹತ್ತಿರವೇ ಇರಲಿ. ಪಡಿತರಕ್ಕೆ ಕಾರ್ಡಿನ ಸಂಖ್ಯೆಯೋ ಆಧಾರ್ ಸಂಖ್ಯೆಯೋ ಗೊತ್ತಿದ್ದರೆ ಸಾಕು, ಅಂಗಡಿಯವರು ಅಸಲಿ ಕಾರ್ಡನ್ನು ಕೇಳುವಂತಿಲ್ಲ. ನೋಂದಣಿಗೆ ಆಧಾರ್, ಬ್ಯಾಂಕ್ ಪುಸ್ತಕ, ಎರಡು ಫೋಟೋ ತರಲಿ. ಗಾರೆ ಕೆಲಸದಿಂದ ಬೆರಳ ಗೆರೆ ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ. ಹಿಂದಿನ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ, ಬೆಳಿಗ್ಗೆ ಚೆನ್ನಾಗಿ ತೊಳೆದುಕೊಂಡು ಬರಲು ಹೇಳಿ.